ಲಿನಕ್ಸ್ ಏಳದಿದ್ದಾಗ: ಫಾರ್ಮ್ಯಾಟ್ ಮಾಡುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಬಂಬಲ್‌ಬೀ ಎಂಬ ತಂತ್ರಾಂಶವೊಂದಿತ್ತು. ಎರಡೆರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಡಿಯಾ ಚಿಪ್ಪನ್ನು ಲಿನಕ್ಸ್‌ನಲ್ಲಿ ಬಳಸಲು ಅದು ಬೇಕಾಗುತ್ತಿತ್ತು. 2011ರಲ್ಲಿ ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನ ಒಂದು ಸಾಲಿನಲ್ಲಿ, ಅಳಿಸುವ ಕಮಾಂಡಿನ ಮುಂದೆ, ಸಿಸ್ಟಂನ ಬಹುತೇಕ ಪ್ರೋಗ್ರಾಂಗಳಿರುವ ಯುಎಸ್‌ಆರ್ ಎಂಬ ಡೈರೆಕ್ಟರಿಯ, ಅಂದರೆ ಫೋಲ್ಡರಿನ, ಹೆಸರಾದ ಮೇಲೆ ಒಂದು ಖಾಲಿ ಜಾಗ ನುಸುಳಿಬಿಟ್ಟಿತು. ಯುಎಸ್‌ಆರ್ ಒಳಗಿನ ಒಂದು ಮೂಲೆ ಅಳಿಯಬೇಕಿತ್ತು. ಇಡೀ ಯುಎಸ್‌ಆರ್ ಡೈರೆಕ್ಟರಿಯೇ ಅಳಿದುಹೋಯಿತು.

ಇಂಥ ಯಂತ್ರ ಕಂಡ ಕೂಡಲೇ ಸುತ್ತ ನಿಂತವರು ಹೇಳುವುದು ಒಂದೇ ಮಾತು: "ಫಾರ್ಮ್ಯಾಟ್ ಮಾಡಿಬಿಡಿ". ಆ ಮಾತಿಗೆ ಕಿವಿಗೊಡಬೇಡಿ ಎಂದು ಹೇಳಲೆಂದೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಆ ಡಿಸ್ಕಿನಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಯಾವುದೆಂದರೆ ಕಳೆದುಹೋದ ಆ ಸಿಸ್ಟಂ ಫೈಲುಗಳೇ. ಅವುಗಳ ಪ್ರತಿ ಡೆಬಿಯನ್, ಉಬುಂಟು, ಫೆಡೋರಾ ಮುಂತಾದ ಡಿಸ್ಟ್ರೋಗಳ, ಅಂದರೆ ಲಿನಕ್ಸ್‌ನ ಬಗೆಗಳ, ಸರ್ವರ್‌ಗಳಲ್ಲಿ ಯಾವತ್ತೂ ಸಿಗುತ್ತದೆ. ಹೋಮ್ ಡೈರೆಕ್ಟರಿಯಲ್ಲಿರುವ ಪಿಎಚ್‌ಡಿ ಪ್ರಬಂಧ, ಅಂಗಡಿಯ ಲೆಕ್ಕ, ಮಗುವಿನ ಫೋಟೋ ಜಗತ್ತಿನ ಇನ್ನಾವ ಸರ್ವರಿನಲ್ಲೂ ಇರುವುದಿಲ್ಲ.

ಅಳಿದದ್ದು ಗೊತ್ತಾದಾಗ ಯಂತ್ರ ಇನ್ನೂ ಓಡುತ್ತಿದ್ದರೆ ಅದನ್ನು ಆರಿಸಬೇಡಿ, ರೀಬೂಟ್ ಅಂತೂ ಬೇಡವೇ ಬೇಡ. ಓಡುತ್ತಿರುವ ಪ್ರೋಗ್ರಾಂ ತೆರೆದಿಟ್ಟುಕೊಂಡ ಫೈಲು, ಹೆಸರು ಅಳಿದರೂ, ಆ ಪ್ರೋಗ್ರಾಂ ಮುಗಿಯುವವರೆಗೆ ಡಿಸ್ಕಿನಲ್ಲಿ ಬದುಕಿರುತ್ತದೆ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಬಲ್ಲವರಲ್ಲಿ ಮನೆಮಾತಾದ ಪ್ರಸಂಗವೊಂದಿದೆ. 1986ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಒಂದು ವ್ಯಾಕ್ಸ್ ಕಂಪ್ಯೂಟರಿನಲ್ಲಿ ಅಳಿಸುವ ಕಮಾಂಡು ಎಲ್ಲಕ್ಕೂ ಮೇಲಿನ ರೂಟ್ ಡೈರೆಕ್ಟರಿಯಿಂದಲೇ ಓಡಿತು. ನಡುವೆ ತಡೆದರೂ ಅಷ್ಟರಲ್ಲಿ ಬಿನ್, ಇಟಿಸಿ, ಡೆವ್, ಲಿಬ್ ಎಂಬ ಮುಖ್ಯ ಡೈರೆಕ್ಟರಿಗಳು ಹೋಗಿದ್ದವು. ಆದರೆ ಒಂದು ಟರ್ಮಿನಲ್ಲಿನಲ್ಲಿ ಇಮ್ಯಾಕ್ಸ್ ಎಡಿಟರ್ ತೆರೆದೇ ಇತ್ತು. ಅಲ್ಲಿದ್ದವರು ಪುಟ್ಟದೊಂದು ಅಸೆಂಬ್ಲಿ ಪ್ರೋಗ್ರಾಂ ಬರೆದು, ಅದರ ಬೈಟುಗಳನ್ನು ಆ ಎಡಿಟರ್ ಮೂಲಕವೇ ಒಳಗಿಳಿಸಿ, ಟೆಂಪ್ ಡೈರೆಕ್ಟರಿಯ ಹೆಸರನ್ನು ಇಟಿಸಿ ಎಂದು ಬದಲಾಯಿಸಿಕೊಂಡರು. ಆ ಒಂದು ಎಳೆ ಹಿಡಿದು ಮಿಕ್ಕದ್ದನ್ನೆಲ್ಲ ಮರಳಿ ತಂದರು. ಗಾಬರಿಯಲ್ಲಿ ಯಂತ್ರ ಆರಿಸಿದ್ದರೆ ಆ ಎಳೆಯೂ ಕೈತಪ್ಪುತ್ತಿತ್ತು.

ಈಗಾಗಲೇ ಆರಿಸಿ ಆಗಿದೆ, ಏಳುತ್ತಿಲ್ಲ ಅನ್ನಿ. ಆಗ ಮೊದಲು ಪರದೆಯನ್ನು ಓದಿ. 'ಗ್ರಬ್ ರೆಸ್ಕ್ಯೂ' ಎಂದು ಬಂದರೆ, ಲಿನಕ್ಸನ್ನು ಎಬ್ಬಿಸುವ ಗ್ರಬ್ ತಂತ್ರಾಂಶಕ್ಕೆ ತನ್ನದೇ ಫೈಲುಗಳು ಸಿಗುತ್ತಿಲ್ಲ. ರೂಟ್ ಮೌಂಟ್ ಆಗುತ್ತಿಲ್ಲ, ಅಂದರೆ ತೆರೆದುಕೊಳ್ಳುತ್ತಿಲ್ಲ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ಪ್ಯಾನಿಕ್ ಆಗಿ ನಿಂತರೆ ಬಹುಮಟ್ಟಿಗೆ, ಡಿಸ್ಕ್ ತೆರೆಯಲು ನೆರವಾಗುವ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಆರಂಭಿಕ ಫೈಲು ಕಾಣೆಯಾಗಿದೆ. 'ನೋ ಇನಿಟ್ ಫೌಂಡ್' ಎಂದು ಹೇಳಿ ಬಿಸಿಬಾಕ್ಸ್ ಎಂಬ ಪುಟ್ಟ ಶೆಲ್ಲಿಗೆ, ಅಂದರೆ ಕಮಾಂಡ್ ಬರೆಯುವ ಜಾಗಕ್ಕೆ, ಬಂದು ನಿಂತರೆ ಗ್ರಬ್, ಕರ್ನಲ್, ಇನಿಟ್‌ರ್ಯಾಮ್‌ಎಫ್‌ಎಸ್ ಮೂರೂ ಉಳಿದಿವೆ, ಡಿಸ್ಕೂ ತೆರೆದಿದೆ, ಮಿಕ್ಕ ಪ್ರೋಗ್ರಾಂಗಳನ್ನು ಎಬ್ಬಿಸುವ ಸಿಸ್ಟಂಡಿ ಮಾತ್ರ ಇಲ್ಲ. ಯುಎಸ್‌ಆರ್ ಹೋದ ಡೆಬಿಯನ್ ಅಥವಾ ಉಬುಂಟು ನಿಲ್ಲುವುದು ಇಲ್ಲೇ.

ಮುಂದಿನ ಕೆಲಸಕ್ಕೆ ಅದೇ ಡಿಸ್ಟ್ರೋದ, ಅದೇ ಆವೃತ್ತಿಯ ಲೈವ್ ಪೆನ್‌ಡ್ರೈವ್, ಅಂದರೆ ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್, ಬೇಕು. ಅದರಿಂದ ಬೂಟ್ ಮಾಡಿ, ಡಿಸ್ಕನ್ನು ಓದುವುದಕ್ಕೆ ಮಾತ್ರ ಮೌಂಟ್ ಮಾಡಿ, ಹೋಮ್ ಡೈರೆಕ್ಟರಿಯನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇದನ್ನು ಮುಗಿಸದೆ ರಿಪೇರಿಗೆ ಕೈಹಾಕಲೇಬೇಡಿ. ಡಿಸ್ಕು ಲಕ್ಸ್ ಎಂಬ ಗೂಢಲಿಪೀಕರಣದಿಂದ ಬೀಗ ಹಾಕಿದ್ದಾಗಿದ್ದರೆ ಮೊದಲು ಅದನ್ನು ತೆರೆಯಬೇಕು, ಡಿಸ್ಕಿನ ಜಾಗ ಹಂಚುವ ಎಲ್‌ವಿಎಂ ಇದ್ದರೆ ಎಬ್ಬಿಸಬೇಕು. ಒಂದು ವೇಳೆ ಅಳಿದದ್ದು ಹೋಮ್ ಡೈರೆಕ್ಟರಿಯೇ ಆಗಿದ್ದರೆ ದಾರಿಯೇ ಬೇರೆ. ಆ ಡಿಸ್ಕಿಗೆ ಒಂದಕ್ಷರವನ್ನೂ ಬರೆಯದೆ ಪೂರ್ತಿ ಡಿಸ್ಕಿನ ಇಮೇಜ್ ತೆಗೆದಿಟ್ಟು ಆಮೇಲೆ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ತೆರವು ಮಾಡುವ ಟ್ರಿಮ್ ಓಡಿಬಿಟ್ಟಿದ್ದರೆ ಆ ಹುಡುಕಾಟದಲ್ಲೂ ಆಸೆ ಕಡಿಮೆ.

ನಕಲು ಮುಗಿಯಿತು, ಬರೆಯಲು ಆಗುವಂತೆ ಡಿಸ್ಕನ್ನು ಮತ್ತೆ ಮೌಂಟ್ ಮಾಡಿದಿರಿ. ಈಗ ಚ್‌ರೂಟ್ ಮಾಡಿ, ಅಂದರೆ ಆ ಡಿಸ್ಕನ್ನೇ ರೂಟ್ ಆಗಿಸಿಕೊಂಡು, ಒಳಗೆ ಹೋಗಬೇಕು. ಹೊಸಬರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಕೆಲವೊಮ್ಮೆ ಬ್ಯಾಶ್ ಎಂಬ ಶೆಲ್ಲಿನ ಫೈಲು ಕಣ್ಣೆದುರೇ ಇರುತ್ತದೆ, ಆದರೂ ಚ್‌ರೂಟ್ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎನ್ನುತ್ತದೆ. ಆಗ ಇಲ್ಲದಿರುವುದು ಬ್ಯಾಶ್ ಅಲ್ಲ, ಅದನ್ನು ಎಬ್ಬಿಸುವ ಎಲ್‌ಡಿ-ಲಿನಕ್ಸ್ ಎಂಬ ಲೋಡರ್. 64 ಬಿಟ್ ಇಂಟೆಲ್, ಎಎಮ್‌ಡಿ ಯಂತ್ರಗಳ ಹೆಚ್ಚುಕಮ್ಮಿ ಪ್ರತಿಯೊಂದು ಪ್ರೋಗ್ರಾಂ ಒಳಗೂ ಈ ಲೋಡರ್ ಲಿಬ್64 ಅಡಿಯಲ್ಲಿದೆ ಎಂಬ ವಿಳಾಸ ಬರೆದಿರುತ್ತದೆ. ಫೆಡೋರಾ 2012ರಲ್ಲೇ ಬಿನ್, ಲಿಬ್, ಲಿಬ್64 ಎಲ್ಲವನ್ನೂ ಯುಎಸ್‌ಆರ್ ಒಳಗೆ ಸೇರಿಸಿತು, ಡೆಬಿಯನ್ ಮತ್ತು ಉಬುಂಟು ಕೂಡ ಅದೇ ಹಾದಿ ಹಿಡಿದವು. ಹೊರಗೆ ಉಳಿದಿರುವುದು ಆ ಹೆಸರಿನ ಸಿಮ್‌ಲಿಂಕ್, ಅಂದರೆ ಒಳಗಿನ ಜಾಗಕ್ಕೆ ಬೆರಳು ತೋರುವ ಲಿಂಕ್, ಅಷ್ಟೇ. ಆ ಲಿಂಕ್ ಅಳಿದರೆ ಒಂದು ಫೈಲೂ ಕಳೆಯದೆ ಇಡೀ ವ್ಯವಸ್ಥೆ ಸತ್ತಂತೆ ಬಿದ್ದುಕೊಳ್ಳುತ್ತದೆ. ಲಿಂಕನ್ನು ಮರಳಿ ಕಟ್ಟಿದರೆ ಎದ್ದು ಕೂರುತ್ತದೆ. ಇದನ್ನು ತಿಳಿಯದೆ ಎಷ್ಟು ಡಿಸ್ಕುಗಳು ಫಾರ್ಮ್ಯಾಟ್ ಆಗಿಹೋಗಿವೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಯುಎಸ್‌ಆರ್ ನಿಜವಾಗಿಯೂ ಹೋಗಿದ್ದರೆ, ಲೈವ್ ಪೆನ್‌ಡ್ರೈವ್‌ನ ಯುಎಸ್‌ಆರ್ ಅನ್ನೇ ಡಿಸ್ಕಿಗೆ ನಕಲು ಮಾಡಿ. ಒಡೆತನ, ಪರ್ಮಿಷನ್ ಹಾಗೆಯೇ ಉಳಿಯುವಂತೆ ಸಿಪಿ ಕಮಾಂಡಿಗೆ 'ಎ' ಆಯ್ಕೆ ಕೊಡಬೇಕು, ಇಲ್ಲದಿದ್ದರೆ ಆಮೇಲೆ ಆಡಳಿತಾಧಿಕಾರ ಕೊಡುವ ಸುಡೋ ಕೆಲಸ ಮಾಡುವುದಿಲ್ಲ. ಇದು ತಾತ್ಕಾಲಿಕ ಆಸರೆ ಮಾತ್ರ. ಲೈವ್ ಸಿಸ್ಟಂನ ಡೆವ್, ಪ್ರಾಕ್, ಸಿಸ್, ರನ್ ಡೈರೆಕ್ಟರಿಗಳನ್ನು ಡಿಸ್ಕಿನೊಳಗೂ ಕಾಣುವಂತೆ ಬೈಂಡ್ ಮೌಂಟ್ ಮಾಡಿ, ಬೂಟ್ ಮತ್ತು ಇಎಫ್‌ಐ ಪಾರ್ಟಿಷನ್‌ಗಳನ್ನು ಅವುಗಳ ಜಾಗದಲ್ಲಿ ಮೌಂಟ್ ಮಾಡಿ ಚ್‌ರೂಟ್ ಮಾಡಿದರೆ ಶೆಲ್ ಸಿಗುತ್ತದೆ. ಈಗ ನಿಮ್ಮ ನಿಜವಾದ ಆಸ್ತಿ ಕೆಲಸಕ್ಕೆ ಬರುತ್ತದೆ. ವಾರ್ ಡೈರೆಕ್ಟರಿಯ ಒಳಗೆ, ಲಿಬ್ ಕೆಳಗೆ, ಡೆಬಿಯನ್, ಉಬುಂಟುಗಳ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಡಿಪಿಕೆಜಿಯ ದಾಖಲೆ ಇದೆ. ಯಾವ ಪ್ಯಾಕೇಜ್ ಇತ್ತು, ಯಾವ ಆವೃತ್ತಿ, ಅದರ ಒಂದೊಂದು ಫೈಲು ಎಲ್ಲಿರಬೇಕು ಎಂಬುದೆಲ್ಲ ಅಲ್ಲಿದೆ. ಆ ಪಟ್ಟಿಯನ್ನು ತೆಗೆದು ಪ್ರತಿಯೊಂದು ಪ್ಯಾಕೇಜನ್ನೂ ಸರ್ವರಿನಿಂದ ಪ್ಯಾಕೇಜ್ ತರುವ ಆಪ್ಟ್ ಮೂಲಕ ರೀಇನ್‌ಸ್ಟಾಲ್ ಮಾಡಿಸಿ. ಆಮೇಲೆ ಡಿಪಿಕೆಜಿಗೆ 'ವೆರಿಫೈ' ಎಂದರೆ ಇನ್ನೂ ಏನು ಕಾಣೆಯಾಗಿದೆ ಎಂದು ಅದೇ ಹೇಳುತ್ತದೆ. ಫೆಡೋರಾದಲ್ಲಿ ಆರ್‌ಪಿಎಮ್‌ಗೂ ಇದೇ ಶಕ್ತಿ ಇದೆ, ಆದರೆ ಫೆಡೋರಾ 36ರಿಂದ ಅದರ ದಾಖಲೆ ಯುಎಸ್‌ಆರ್ ಒಳಗೇ ಇರುವುದರಿಂದ, ಯುಎಸ್‌ಆರ್ ಹೋದರೆ ಅದೂ ಹೋಗುತ್ತದೆ. ಯುಎಸ್‌ಆರ್ ಕೆಳಗಿನ ಲೋಕಲ್ ಡೈರೆಕ್ಟರಿಯಲ್ಲಿ ನೀವೇ ಕೈಯಾರೆ ಹಾಕಿದ್ದು ಮಾತ್ರ ಈ ದಾಖಲೆಯಲ್ಲಿ ಇರುವುದಿಲ್ಲ, ಅದು ಮರಳಿ ಬರುವುದಿಲ್ಲ.

ಸೆಟ್ಟಿಂಗ್ ಫೈಲುಗಳಿರುವ ಇಟಿಸಿಯ ವಿಷಯ ಸೂಕ್ಷ್ಮ. ಅಲ್ಲಿನ ಕಾನ್ಫಿಗ್ ಫೈಲು ಅಳಿದಿದ್ದರೆ, ನೀವೇ ಬೇಕೆಂದು ಅಳಿಸಿದ್ದೀರಿ ಎಂದು ಭಾವಿಸಿ ಡಿಪಿಕೆಜಿ ರೀಇನ್‌ಸ್ಟಾಲ್‌ನಲ್ಲೂ ಅದನ್ನು ಮರಳಿ ಹಾಕುವುದಿಲ್ಲ. ಬಳಕೆದಾರನ ಇಚ್ಛೆಗೆ ಕೊಟ್ಟ ಆ ಗೌರವ ನನಗೆ ಇಷ್ಟ. ಆದರೆ ನಮ್ಮ ಸಂದರ್ಭಕ್ಕೆ 'ಫೋರ್ಸ್-ಕಾನ್ಫ್‌ಮಿಸ್' ಎಂಬ ಆಯ್ಕೆಯನ್ನು ಸೇರಿಸಲೇಬೇಕು. ಯಾವ ಡಿಸ್ಕು ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ, ಡಿಸ್ಕಿನ ಗುರುತು ಸಂಖ್ಯೆಯಾದ ಯುಯುಐಡಿ ನೋಡಿ ಕೈಯಲ್ಲೇ ಬರೆಯಬೇಕು. ಬಳಕೆದಾರರ ವಿವರವಿರುವ ಪಾಸ್‌ವರ್ಡ್, ಶ್ಯಾಡೋ ಫೈಲುಗಳ ಹಿಂದಿನ ಪ್ರತಿ ಹೆಸರಿನ ಕೊನೆಗೊಂದು ಅಡ್ಡಗೆರೆ ಹೊತ್ತು ಇಟಿಸಿಯಲ್ಲೇ ಇರುತ್ತದೆ.

ಕೊನೆಗೆ ಇನಿಟ್‌ರ್ಯಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿಸಿ, ಗ್ರಬ್ ಪಟ್ಟಿ ನವೀಕರಿಸಿ, ಹೊರಬಂದು ಎಲ್ಲವನ್ನೂ ಅನ್‌ಮೌಂಟ್ ಮಾಡಿ ರೀಬೂಟ್ ಮಾಡಿ.

ಈಗ ಈ ಪರದೆಯ ಮೇಲೆ ಒಂದು ವರ್ಚುವಲ್ ಡೆಬಿಯನ್ ಯಂತ್ರ ಓಡುತ್ತಿದೆ. ಇದರ ಲಿಬ್64 ಲಿಂಕನ್ನು ಮೊದಲು ಅಳಿಸುತ್ತೇನೆ. ಮುಂದಿನ ಸಾಲಿನಲ್ಲಿ ಕೂತ ಯಾರಾದರೂ ಬನ್ನಿ, ಕೀಬೋರ್ಡ್ ನಿಮ್ಮ ಕೈಗೇ ಕೊಡುತ್ತೇನೆ.