ಮನೆಯ ಇಂಟರ್‌ನೆಟ್‌ಗೆ ವಿಪಿಎನ್: ಕೊಳ್ಳುವ ಮೊದಲು ನೋಡಬೇಕಾದ್ದು

ಕೇಳುಗರಿಗೆ ನಮಸ್ಕಾರ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಎಷ್ಟೋ ತೋಟದ ಮನೆಗಳಿಗೆ, ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾದ ಮನೆಗಳಿಗೆ ಈಗ ಫೈಬರ್ ಬಂದಿದೆ. ಅಡಕೆ ಧಾರಣೆ ನೋಡುವುದು, ಮಕ್ಕಳ ಪಾಠ, ಬೆಂಗಳೂರಿನ ಕಂಪನಿಯ ಕೆಲಸ, ಎಲ್ಲವೂ ಅದರ ಮೇಲೇ. ಅದರ ಜೊತೆಗೇ ವಿಪಿಎನ್ ಜಾಹೀರಾತುಗಳೂ ಬಂದಿವೆ: ಇದನ್ನು ಹಾಕಿಕೊಂಡರೆ ನಿಮ್ಮನ್ನು ಯಾರೂ ನೋಡಲಾರರು ಅಂತ. ಆ ಮಾತನ್ನು ನಂಬಬೇಡಿ. ವಿಪಿಎನ್ ಎಂದರೆ ನಿಮ್ಮ ಇಂಟರ್‌ನೆಟ್ ಓಡಾಟವನ್ನೆಲ್ಲ ಗೂಢಲಿಪಿಯ ಸುರಂಗದೊಳಗೆ ಒಂದು ಕಂಪನಿಯ ಸರ್ವರ್ ಯಂತ್ರಕ್ಕೆ ಒಯ್ದು, ಅಲ್ಲಿಂದ ಹೊರಗೆ ಬಿಡುವ ಸೇವೆ, ಅಷ್ಟೇ.

ತಾಣದ ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾದರೆ, ನೀವು ಅಲ್ಲಿ ಬರೆದದ್ದು ವಿಪಿಎನ್ ಇಲ್ಲದೆಯೂ ಗೂಢಲಿಪಿಯಲ್ಲೇ ಹೋಗುತ್ತದೆ. ಲೈನ್ ಕೊಟ್ಟವರಿಗೆ ನಿಮ್ಮ ಪಾಸ್‌ವರ್ಡ್ ಕಾಣುವುದಿಲ್ಲ. ಯಾವ ತಾಣಕ್ಕೆ, ಎಷ್ಟು ಹೊತ್ತಿಗೆ ಹೋದಿರಿ ಎಂಬುದು ಮಾತ್ರ ಕಾಣುತ್ತದೆ. ವಿಪಿಎನ್ ಮುಚ್ಚುವುದು ಅದನ್ನು. ಮುಚ್ಚಿದ ಮೇಲೆ ಅದೇ ಪಟ್ಟಿ ವಿಪಿಎನ್ ಕಂಪನಿಯ ಕಣ್ಣಿಗೆ ಬೀಳುತ್ತದೆ. ಗೂಗಲ್‌ಗೆ ಲಾಗಿನ್ ಆಗಿದ್ದರೆ ಗೂಗಲ್‌ಗೆ ನೀವು ಯಾರೆಂದು ಗೊತ್ತೇ ಇರುತ್ತದೆ. ಪೊಲೀಸ್ ಎಂದು ಹೇಳಿಕೊಂಡು ವಿಡಿಯೋ ಕರೆ ಮಾಡುವ ವಂಚಕನನ್ನೂ ವಿಪಿಎನ್ ತಡೆಯುವುದಿಲ್ಲ. ಆದ್ದರಿಂದ ವೇಗಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಈ ಕಂಪನಿಯನ್ನು ಯಾಕೆ ನಂಬಬೇಕು?

‘ನಾವು ದಾಖಲೆ ಇಡುವುದಿಲ್ಲ’ ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಹೊರಗಿನವರು ಪರಿಶೋಧನೆ ಮಾಡಿದ್ದಾರೆಯೇ, ವರದಿ ಓದಲು ಸಿಗುತ್ತದೆಯೇ, ಅದರ ಮೇಲೆ ಯಾವ ವರ್ಷವಿದೆ ನೋಡಿ. ಒಂದು ಉದಾಹರಣೆ ಕೊಡುತ್ತೇನೆ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಪೊಲೀಸರು ಮುಲ್ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ ಶೋಧನಾ ವಾರಂಟ್ ಹಿಡಿದು ಬಂದರು. ಗ್ರಾಹಕರ ದಾಖಲೆ ಇರಲೇ ಇಲ್ಲವಾದ್ದರಿಂದ ಬರಿಗೈಯಲ್ಲಿ ವಾಪಸಾದರು. ಆ ಕಂಪನಿ ಖಾತೆ ತೆರೆಯಲು ಇಮೇಲ್ ಕೂಡ ಕೇಳುವುದಿಲ್ಲ, 16 ಅಂಕಿಯ ಒಂದು ಸಂಖ್ಯೆ ಕೊಡುತ್ತದೆ. ಜಾಹೀರಾತಿನ ನೂರು ಮಾತಿಗಿಂತ ಇಂಥ ಒಂದು ಪರೀಕ್ಷೆಗೆ ಬೆಲೆ ಹೆಚ್ಚು.

ನಮ್ಮ ದೇಶದ ನಿಯಮವೂ ಗೊತ್ತಿರಲಿ. ಮನೆಯಲ್ಲಿ ವಿಪಿಎನ್ ಬಳಸಲು ದೇಶವ್ಯಾಪಿ ನಿಷೇಧವಿಲ್ಲ. ಆದರೆ 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ಸಂಖ್ಯೆ, ಅವರಿಗೆ ಕೊಟ್ಟ ಐಪಿ ವಿಳಾಸಗಳನ್ನು (ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) 5 ವರ್ಷ ಇಟ್ಟುಕೊಳ್ಳಬೇಕು. ಅದನ್ನು ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಅದೇ ವರ್ಷ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಹಾಗಾಗಿ ಪಟ್ಟಿಯಲ್ಲಿ ‘ಇಂಡಿಯಾ’ ಎಂದು ಕಂಡರೂ ಯಂತ್ರ ಸಿಂಗಪುರದಲ್ಲೋ ಲಂಡನ್ನಿನಲ್ಲೋ ಇರಬಹುದು. ವಿಡಿಯೋ ಕರೆಯಲ್ಲಿ ಮಾತು ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಪುಕ್ಕಟೆ ಆ್ಯಪ್‌ಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಕೆಲವು ನಿಮ್ಮ ಮಾಹಿತಿ ಮಾರುತ್ತವೆ. ಇನ್ನು ಕೆಲವು ನಿಮ್ಮ ಮನೆಯ ಲೈನನ್ನೇ ಅಪರಿಚಿತರ ಬಳಕೆಗೆ ಬಿಟ್ಟುಕೊಡುತ್ತವೆ. ಅವರೇನಾದರೂ ತಪ್ಪು ಕೆಲಸ ಮಾಡಿದರೆ ಸಿಕ್ಕುವುದು ನಿಮ್ಮ ಐಪಿ. ಹಣ ಕೊಡಲು ಆಗದಿದ್ದರೆ ಪ್ರೋಟಾನ್ ವಿಪಿಎನ್‌ನ ಉಚಿತ ಯೋಜನೆ ವಾಸಿ. ಒಂದು ಸಾಧನಕ್ಕೆ ಮಾತ್ರ, ಆದರೆ ಡೇಟಾ ಮಿತಿಯಿಲ್ಲ, ಜಾಹೀರಾತಿಲ್ಲ.

ಈಗ ಪೆನ್ನು ಹಿಡಿದುಕೊಳ್ಳಿ, ಮನೆಯಲ್ಲೇ ಮಾಡುವ ಪರೀಕ್ಷೆ ಹೇಳುತ್ತೇನೆ. ವಿಪಿಎನ್ ಹಾಕದೆ ಬ್ರೌಸರ್‌ನಲ್ಲಿ ‘ಐಪಿ ಲೀಕ್ ಡಾಟ್ ನೆಟ್’ ತೆರೆಯಿರಿ. ಅಲ್ಲಿ ನಿಮ್ಮ ಎರಡು ಐಪಿ ವಿಳಾಸ ಕಾಣಬಹುದು. ಚುಕ್ಕಿಗಳಿಂದ ಬೇರ್ಪಟ್ಟ ಅಂಕಿಗಳ ನಾಲ್ಕು ಗುಂಪು ಇರುವುದು ಐಪಿವಿ4. ವಿಸರ್ಗದಂತೆ ಎರಡೆರಡು ಚುಕ್ಕಿ ನಡುವೆ ಬಂದ ಉದ್ದನೆಯದು ಐಪಿವಿ6. ಎರಡನ್ನೂ ಬರೆದಿಟ್ಟು, ವಿಪಿಎನ್ ಹಾಕಿ ಮತ್ತೆ ನೋಡಿ. ಮೊದಲನೆಯದು ಬದಲಾಗಿ ಎರಡನೆಯದು ಹಾಗೇ ಉಳಿದರೆ, ಐಪಿವಿ6ರ ಓಡಾಟವೆಲ್ಲ ಸುರಂಗದ ಹೊರಗೇ ನಡೆಯುತ್ತಿದೆ ಎಂದರ್ಥ. ಆ್ಯಪ್‌ನಲ್ಲಿ ಐಪಿವಿ6 ಸೋರಿಕೆ ತಡೆಯುವ ಆಯ್ಕೆ ಹುಡುಕಿ. ಇಲ್ಲದಿದ್ದರೆ ಆ ಸೇವೆ ಬೇಡ. ಅದೇ ಪುಟದ ಕೆಳಗೆ ಡಿಎನ್‌ಎಸ್, ಅಂದರೆ ತಾಣದ ಹೆಸರಿಗೆ ಅದರ ಐಪಿ ಹುಡುಕಿಕೊಡುವ ಸರ್ವರ್‌ಗಳ ಪಟ್ಟಿಯಿರುತ್ತದೆ. ಅಲ್ಲಿ ನಿಮ್ಮ ಲೈನಿನವರ ಹೆಸರು ಬರಕೂಡದು.

ನಮ್ಮ ಕಡೆ ಆಷಾಢದ ಗಾಳಿಮಳೆಗೆ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಪ್ರತಿ ಸಲವೂ ಫೈಬರ್ ಪೆಟ್ಟಿಗೆ ಆರಿ ಹೊತ್ತಿಕೊಂಡಾಗ ಸುರಂಗ ಕಡಿಯುತ್ತದೆ, ವಿಪಿಎನ್ ಮತ್ತೆ ಸೇರುವಷ್ಟರಲ್ಲಿ ಮೊಬೈಲ್ ನೇರವಾಗಿ ಹೊರಗೆ ಮಾತಾಡಿಬಿಡುತ್ತದೆ. ಇದನ್ನು ತಡೆಯುವುದು, ಸುರಂಗ ಇಲ್ಲದಾಗ ನೆಟ್ಟನ್ನೇ ನಿಲ್ಲಿಸುವ ಕಿಲ್ ಸ್ವಿಚ್. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ವಿಪಿಎನ್‌ಗೆ ಹೋಗಿ, ಹೆಸರಿನ ಪಕ್ಕದ ಚಕ್ರ ಒತ್ತಿ, ‘ಆಲ್ವೇಸ್ ಆನ್’ ಜೊತೆಗೆ ಅದರ ಕೆಳಗಿನ ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’ ಎರಡನ್ನೂ ಹಾಕಿ. ಮೊದಲನೆಯದು ಮಾತ್ರ ಹಾಕಿದರೆ ಸಾಲದು. ಆಮೇಲೆ ಆ್ಯಪ್‌ನಲ್ಲಿ ಸಂಪರ್ಕ ಕಡಿದು ಯಾವುದಾದರೂ ಪುಟ ತೆರೆದು ನೋಡಿ. ತೆರೆಯದಿದ್ದರೆ ಸರಿಯಾಗಿದೆ.

ಆ್ಯಪ್ ಪ್ರೋಟೋಕಾಲ್, ಅಂದರೆ ಸುರಂಗ ಕಟ್ಟುವ ವಿಧಾನ, ಯಾವುದೆಂದು ಕೇಳಿದರೆ ವೈರ್‌ಗಾರ್ಡ್ ಆರಿಸಿ. ಹಗುರ, ಬಿಟ್ಟುಹೋದ ಸಂಪರ್ಕ ಬೇಗ ಕೂಡುತ್ತದೆ. ಆದರೆ ಒಂದು ತೊಂದರೆಯಿದೆ. ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕೆಲವು ತಾಣ ಮಾತ್ರ ಅರ್ಧಕ್ಕೇ ನಿಲ್ಲುತ್ತವೆ. ಕಾರಣ ಇದು: ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಒಇ ಲೈನಿನಲ್ಲಿ ಮಾಹಿತಿಯ ಒಂದು ತುಣುಕು, ಅಂದರೆ ಪ್ಯಾಕೆಟ್, 1492 ಬೈಟ್ ಮೀರುವಂತಿಲ್ಲ. ಐಪಿವಿ6 ಮೂಲಕ ಹೋದರೆ ವೈರ್‌ಗಾರ್ಡ್ ತನ್ನ ಹೊದಿಕೆಗೇ 80 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯುವುದು 1412. ಅದರ ರೂಢಿಯ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1420. ಎಂಟು ಬೈಟ್ ಹೆಚ್ಚಾಯಿತು, ದೊಡ್ಡ ಪ್ಯಾಕೆಟ್ ದಾರಿಯಲ್ಲೇ ಬೀಳುತ್ತದೆ. ಎಂಟಿಯು 1280ಕ್ಕೆ ಇಳಿಸಿ ನೋಡಿ.

ಬ್ಯಾಂಕಿನ ಆ್ಯಪ್, ಯುಪಿಐ ಕೆಲವೊಮ್ಮೆ ವಿಪಿಎನ್‌ನಲ್ಲಿ ತಕರಾರು ಮಾಡುತ್ತವೆ. ‘ಸ್ಪ್ಲಿಟ್ ಟನೆಲಿಂಗ್’ ಇದ್ದರೆ ಅವನ್ನಷ್ಟೇ ಹೊರಗಿಡಬಹುದು. ಆದರೆ ಈಗ ಹೇಳಿದ ‘ಬ್ಲಾಕ್’ ಆಯ್ಕೆ ಹಾಕಿದ್ದರೆ, ಹೊರಗಿಟ್ಟ ಆ್ಯಪ್‌ಗೆ ನೆಟ್ಟೇ ಸಿಗದೆ ಹೋಗಬಹುದು. ಹಣ ಕಳಿಸುವಷ್ಟು ಹೊತ್ತು ಅದನ್ನು ತೆಗೆದು, ಮತ್ತೆ ಹಾಕಿ.

ಎರಡು ವರ್ಷದ ಅಗ್ಗದ ಯೋಜನೆಗೆ ಮೊದಲ ದಿನವೇ ಹಣ ಕಟ್ಟಬೇಡಿ. ಒಂದು ತಿಂಗಳಿಗೆ ಕೊಂಡು, ಊರಿಗೆ ಊರೇ ನೆಟ್ ನೋಡುವ ರಾತ್ರಿ ಎಂಟರಿಂದ ಹತ್ತರೊಳಗೆ ಒಮ್ಮೆ, ಬೆಳಿಗ್ಗೆ ಒಮ್ಮೆ ವೇಗ ಅಳೆಯಿರಿ. ಹಣ ವಾಪಸಿನ ಗಡುವು, ನವೀಕರಣದ ದರ, ಆ ದಿನಾಂಕ ಮೂರನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಸಲ ಖಾತೆಯಿಂದ ತಾನಾಗಿ ಹೋಗುವ ಮೊತ್ತ ಮೊದಲ ಸಲದ್ದಕ್ಕಿಂತ ದೊಡ್ಡದಿರಬಹುದು.

ನಮಸ್ಕಾರ.