ಒಂದೇ ಚಾನೆಲ್, ಹಲವು ಕೇಂದ್ರಗಳು: ಅಲೋಹಾ ಜಾಲ ಕಂಡುಕೊಂಡ ದಾರಿ

ದೃಶ್ಯ: ಒಂದೇ ತಂತಿ, ಅದರ ತುದಿಯಲ್ಲಿ ಸಾಲಾಗಿ ಕುಳಿತ ಟೆಲಿಗ್ರಾಫ್ ಆಪರೇಟರುಗಳ ರೇಖಾಚಿತ್ರ.

ನಿರೂಪಣೆ: ನಮಸ್ಕಾರ. ಸಂದೇಶ ಸಾಗಿಸುವ ಮಾರ್ಗ, ಅಂದರೆ ಚಾನೆಲ್, ಒಂದೇ ಇದ್ದು, ಅದನ್ನು ಬಳಸಬೇಕಾದ ಕೇಂದ್ರಗಳು ಹಲವಾರು ಇದ್ದಾಗ ಯಾರು ಯಾವಾಗ ಕಳುಹಿಸಬೇಕು ಎಂಬ ಪ್ರಶ್ನೆ ಟೆಲಿಗ್ರಾಫ್ ಕಾಲದಿಂದಲೂ ಇದೆ. ಫ್ರಾನ್ಸಿನ ಎಮಿಲ್ ಬೋದೊ 1874ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯಲ್ಲಿ, ತಿರುಗುವ ಯಂತ್ರವೊಂದು ಒಂದೇ ತಂತಿಯನ್ನು ಹಲವು ಆಪರೇಟರುಗಳಿಗೆ ಸರದಿಯಂತೆ ಜೋಡಿಸುತ್ತಿತ್ತು. ಅದರ ಲಯಕ್ಕೆ ಸರಿಯಾಗಿ ಅವರು ಕೀಲಿಗಳನ್ನು ಒತ್ತಬೇಕಿತ್ತು. ಮುಂದೆ ದೂರವಾಣಿ ಮತ್ತು ರೇಡಿಯೋದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಆವರ್ತನ ಕೊಡುವ ಕ್ರಮವೂ ರೂಢಿಗೆ ಬಂತು. ಹಂಚುವುದು ಕಾಲವನ್ನಾಗಲಿ ಆವರ್ತನವನ್ನಾಗಲಿ, ಪ್ರತಿ ಕೇಂದ್ರದ ಪಾಲು ಮೊದಲೇ ನಿಗದಿಯಾಗಿರುತ್ತಿತ್ತು.

ಎಡೆಬಿಡದೆ ಮಾತನಾಡುವವರಿಗೆ ಈ ಕ್ರಮ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಕಂಪ್ಯೂಟರ್ ಟರ್ಮಿನಲ್ಲಿನ (ದೂರದ ಕಂಪ್ಯೂಟರಿಗೆ ಜೋಡಿಸಿದ ಕೀಲಿಮಣೆಯ ಯಂತ್ರದ) ಮುಂದೆ ಕುಳಿತವರು ಒಂದು ಸಾಲು ಟೈಪ್ ಮಾಡಿ ಕಳುಹಿಸುತ್ತಾರೆ, ಉತ್ತರ ಓದುತ್ತಾರೆ, ಯೋಚಿಸುತ್ತಾರೆ. ಅಷ್ಟು ಹೊತ್ತೂ ಅವರ ಪಾಲಿನ ಚಾನೆಲ್ ಖಾಲಿಯಾಗಿಯೇ ಉಳಿಯುತ್ತದೆ.

ದೃಶ್ಯ: ಹವಾಯಿ ದ್ವೀಪಗಳ ನಕ್ಷೆ; ಒವಾಹು ದ್ವೀಪದ ಮೇಲೆ ಗುರುತು.

ನಿರೂಪಣೆ: ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ಎದುರಿಸಿದ್ದು ಇದೇ ಸಮಸ್ಯೆಯನ್ನು. ಟರ್ಮಿನಲ್ಲುಗಳನ್ನು ರೇಡಿಯೋ ಮೂಲಕ ಕೇಂದ್ರ ಕಂಪ್ಯೂಟರಿಗೆ ಜೋಡಿಸಲು ಅವರು ರೂಪಿಸಿದ ಅಲೋಹಾ ಜಾಲ 1971ರಲ್ಲಿ ಕೆಲಸ ಆರಂಭಿಸಿತು. ಅದರ ರೇಡಿಯೋ ಚಾನೆಲ್ಲಿನ ವೇಗ ಸೆಕೆಂಡಿಗೆ 9,600 ಬಿಟ್. ಒಮ್ಮೆಗೆ ಕಳುಹಿಸುವ ಮಾಹಿತಿಯ ಕಟ್ಟಿಗೆ ಪ್ಯಾಕೆಟ್ ಎಂದು ಹೆಸರು. 80 ಅಕ್ಷರಗಳ ಒಂದು ತುಂಬು ಪ್ಯಾಕೆಟ್ ಎಂದರೆ, ತಲೆಬರಹ ಮತ್ತು ದೋಷಪರೀಕ್ಷೆಯ ಭಾಗಗಳೂ ಸೇರಿ, 704 ಬಿಟ್. ಈಗ ಒಂದು ಲೆಕ್ಕ ಹಾಕೋಣ. ಈ ಚಾನೆಲ್ಲನ್ನು 100 ಕೇಂದ್ರಗಳಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಸೆಕೆಂಡಿಗೆ 96 ಬಿಟ್ ಮಾತ್ರ ಸಿಗುತ್ತದೆ, ಒಂದು ಪ್ಯಾಕೆಟ್ ಕಳುಹಿಸಲು ಏಳು ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆ. ಅದೇ ಪ್ಯಾಕೆಟ್ಟಿಗೆ ಇಡೀ ಚಾನೆಲ್ಲನ್ನೇ ಬಿಟ್ಟುಕೊಟ್ಟರೆ ಸುಮಾರು 73 ಮಿಲಿಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ.

ಆದ್ದರಿಂದ ಅವರು ಪಾಲು ಮಾಡುವುದನ್ನೇ ಕೈಬಿಟ್ಟರು. ಯಾರಿಗೆ ಕಳುಹಿಸಲು ಏನಿದೆಯೋ ಅವರು ಯಾರ ಅನುಮತಿಗೂ ಕಾಯದೆ ಆಗಲೇ ಕಳುಹಿಸಬಹುದಿತ್ತು. ಪ್ಯಾಕೆಟ್ಟುಗಳು 407.350 ಮೆಗಾಹರ್ಟ್ಸ್‌ನಲ್ಲಿ ಕೇಂದ್ರ ಕಂಪ್ಯೂಟರಿಗೆ ಹೋಗುತ್ತಿದ್ದವು, ಉತ್ತರಗಳು 413.475 ಮೆಗಾಹರ್ಟ್ಸ್‌ನಲ್ಲಿ ಮರಳುತ್ತಿದ್ದವು. ಜಾಲವನ್ನು ನೋಡಿಕೊಳ್ಳುತ್ತಿದ್ದ ಆ ಕಂಪ್ಯೂಟರಿಗೆ ಇಟ್ಟ ಹೆಸರು ಮೆನೆಹುನೆ. ಹವಾಯಿಯ ಜನಪದ ಕಥೆಗಳಲ್ಲಿ ಬರುವ, ಕೆಲಸದಲ್ಲಿ ನಿಪುಣರಾದ ಪುಟ್ಟ ಜನರ ಹೆಸರು ಅದು. ಇಬ್ಬರು ಏಕಕಾಲಕ್ಕೆ ಕಳುಹಿಸಿ ಪ್ಯಾಕೆಟ್ಟುಗಳು ಡಿಕ್ಕಿಯಾದರೆ ಮೆನೆಹುನೆಯಿಂದ ಸ್ವೀಕೃತಿ ಬರುತ್ತಿರಲಿಲ್ಲ. ಆಗ ಪ್ರತಿ ಕೇಂದ್ರವೂ ಯಾದೃಚ್ಛಿಕವಾಗಿ ಆರಿಸಿಕೊಂಡಷ್ಟು ಹೊತ್ತು ಕಾದು ಮತ್ತೆ ಕಳುಹಿಸುತ್ತಿತ್ತು. ಇಬ್ಬರೂ ಒಂದೇ ಅವಧಿ ಕಾದಿದ್ದರೆ ಮತ್ತೆ ಮತ್ತೆ ಡಿಕ್ಕಿಯಾಗುತ್ತಲೇ ಇರುತ್ತಿದ್ದುದರಿಂದ, ನನ್ನ ದೃಷ್ಟಿಯಲ್ಲಿ ಇಡೀ ವಿನ್ಯಾಸದ ಜೀವಾಳ ಆ ಯಾದೃಚ್ಛಿಕತೆಯೇ.

ದೃಶ್ಯ: ಕಾಲರೇಖೆಯ ಮೇಲೆ ಒಂದು ಪ್ಯಾಕೆಟ್, ಅದರ ಹಿಂದೆ ಮುಂದೆ ಕೆಂಪು ಬಣ್ಣದ ಅಪಾಯದ ಅವಧಿ.

ನಿರೂಪಣೆ: ಈ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯನ್ನು ಚಿತ್ರದಲ್ಲಿ ಕಾಣಬಹುದು. ನನ್ನ ಪ್ಯಾಕೆಟ್ ಹೊರಟ ಮೇಲೆ ಇನ್ನೊಂದು ಹೊರಟರೂ ಡಿಕ್ಕಿ. ನನಗಿಂತ ಸ್ವಲ್ಪ ಮೊದಲೇ ಹೊರಟದ್ದು ಇನ್ನೂ ಮುಗಿದಿರದಿದ್ದರೂ ಡಿಕ್ಕಿ. ಹೀಗಾಗಿ ಅಪಾಯದ ಅವಧಿ ಒಂದು ಪ್ಯಾಕೆಟ್ಟಿನ ಅವಧಿಯ ಎರಡರಷ್ಟಾಗುತ್ತದೆ. ಎಲ್ಲ ಕೇಂದ್ರಗಳೂ ಸ್ವತಂತ್ರವಾಗಿ ಕಳುಹಿಸುತ್ತವೆ ಎಂದು ಭಾವಿಸಿ ಲೆಕ್ಕ ಮಾಡಿದರೆ, ಚಾನೆಲ್ಲಿನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇಕಡಾ 18.4 ಭಾಗ ಮಾತ್ರ ಸಫಲವಾಗಿ ಬಳಕೆಯಾಗುತ್ತದೆ. ಸಂಖ್ಯೆ ಚಿಕ್ಕದೆನಿಸಬಹುದು, ಆದರೆ ಬಹುಪಾಲು ಹೊತ್ತು ಸುಮ್ಮನಿರುವ ನೂರಾರು ಟರ್ಮಿನಲ್ಲುಗಳಿಗೆ ಅಷ್ಟೇ ಸಾಕಷ್ಟಾಗಿತ್ತು. ನಿಜವಾದ ತೊಂದರೆ ಬೇರೆಡೆ ಇತ್ತು: ದಟ್ಟಣೆ ಆ ಮಿತಿಯನ್ನು ದಾಟಿದರೆ ಡಿಕ್ಕಿಗಳು ಮರುಪ್ರಯತ್ನಗಳನ್ನು ಹುಟ್ಟಿಸುತ್ತವೆ, ಮರುಪ್ರಯತ್ನಗಳು ಇನ್ನಷ್ಟು ಡಿಕ್ಕಿಗಳನ್ನು ಹುಟ್ಟಿಸುತ್ತವೆ, ತಲುಪುವ ಪ್ಯಾಕೆಟ್ಟುಗಳು ಕಡಿಮೆಯಾಗುತ್ತಾ ಹೋಗುತ್ತವೆ.

1972ರಲ್ಲಿ ಅಮೆರಿಕದ ಕಂಪ್ಯೂಟರ್ ಜಾಲ ತಜ್ಞ ಲಾರೆನ್ಸ್ ರಾಬರ್ಟ್ಸ್ ಒಂದು ಸರಳ ತಿದ್ದುಪಡಿ ಸೂಚಿಸಿದರು. ಕಾಲವನ್ನು ಸಮಾನ ತುಣುಕುಗಳಾಗಿ ವಿಂಗಡಿಸಿ, ಪ್ಯಾಕೆಟ್ ತುಣುಕಿನ ಆರಂಭದಲ್ಲಿ ಮಾತ್ರ ಹೊರಡಬೇಕು ಎಂಬ ನಿಯಮವಿದು. ಅಪಾಯದ ಅವಧಿ ಅರ್ಧವಾಯಿತು, ಮಿತಿ ಶೇಕಡಾ 36.8ಕ್ಕೆ ಏರಿತು.

ಕಳುಹಿಸುವ ಮೊದಲು ಆಲಿಸಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಅಲೋಹಾದ ಕೇಂದ್ರಗಳು ಕಳುಹಿಸುತ್ತಿದ್ದ ಆವರ್ತನವೇ ಬೇರೆ, ಆಲಿಸುತ್ತಿದ್ದ ಆವರ್ತನವೇ ಬೇರೆ. ಮೇಲಾಗಿ ಬೆಟ್ಟಗಳ ಎರಡು ಬದಿಯಲ್ಲಿರುವ ಕೇಂದ್ರಗಳು ಒಂದರ ರೇಡಿಯೋ ಸಂಕೇತ ಇನ್ನೊಂದಕ್ಕೆ ಕೇಳದಂತಿರುವುದೂ ಉಂಟು. ಎಲ್ಲರೂ ಎಲ್ಲರನ್ನೂ ಕೇಳಬಲ್ಲ ಒಂದೇ ಕೇಬಲ್ಲಿನ ಮೇಲೆ ಆ ಉಪಾಯ ಸುಲಭವಾಗುತ್ತದೆ. ಜೆರಾಕ್ಸ್‌ನ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಪ್ರಸ್ತಾಪಿಸಿದ, ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಜೋಡಿಸುವ ಈಥರ್ನೆಟ್ ಇದನ್ನೇ ಮಾಡಿತು: ಮೊದಲು ಆಲಿಸು, ಡಿಕ್ಕಿಯಾದದ್ದು ತಿಳಿದ ಕೂಡಲೇ ನಿಲ್ಲಿಸು, ಮತ್ತೆ ಡಿಕ್ಕಿಯಾದಂತೆಲ್ಲ ಕಾಯುವ ಅವಧಿಯ ವ್ಯಾಪ್ತಿಯನ್ನು ಇಮ್ಮಡಿ ಮಾಡು.

ದೃಶ್ಯ: ಮೊಬೈಲ್ ಫೋನ್ ಮತ್ತು ಗೋಪುರ, ನಡುವೆ ಒಂದು ಪುಟ್ಟ ಸಂಕೇತ.

ನಿರೂಪಣೆ: ತುಣುಕು ಮಾಡಿದ ಅಲೋಹಾ ಕ್ರಮ ಜಿಎಸ್‌ಎಂ ಎಂಬ ಮೊಬೈಲ್ ಫೋನ್ ಜಾಲಗಳಲ್ಲೂ ಉಳಿಯಿತು. ಕರೆ ಮಾಡಬೇಕಾದ ಫೋನು ತನ್ನದೇ ಆದ ಚಾನೆಲ್ ಪಡೆಯುವ ಮೊದಲು, ಎಲ್ಲ ಫೋನುಗಳಿಗೂ ಸಾಮಾನ್ಯವಾದ ಚಾನೆಲ್ಲಿನ ಒಂದು ತುಣುಕಿನಲ್ಲಿ ಚಿಕ್ಕ ಕೋರಿಕೆ ಕಳುಹಿಸುತ್ತದೆ. ಗೋಪುರದಿಂದ ಉತ್ತರ ಬಾರದಿದ್ದರೆ ಯಾದೃಚ್ಛಿಕವಾದ ಬಿಡುವು ಕೊಟ್ಟು ಮತ್ತೊಮ್ಮೆ ಕೋರುತ್ತದೆ.