ಚೆಂಡು ಹೂವಿನ ಸಸಿ ರಾತ್ರೋರಾತ್ರಿ ಮಾಯ: ಶಂಖದ ಹುಳುವಿಗೆ ಯಾವ ಗಿಡ ಇಷ್ಟ?

ನಮಸ್ಕಾರ ರೀ ಎಲ್ಲರಿಗೂ. ದಾವಣಗೆರೆಗೆ ಮಳೆ ಹಿಡಕೊಂಡಿದೆ. ನಮ್ಮ ಹಿತ್ತಲಲ್ಲಿ ಚೆಂಡು ಹೂವಿನ ಸಸಿ ಹಚ್ಚೋ ಕೆಲಸ ನಡೀತಿದೆ. ಈಗ ಹಚ್ಚಿದ್ರೆ ಆಯುಧ ಪೂಜೆ ಹೊತ್ತಿಗೆ ಮನೆ ಹೂವೇ ಸಿಗುತ್ತೆ. ಆದ್ರೆ ಇದೇ ಹೊತ್ತಿಗೆ ಶಂಖದ ಹುಳುಗಳೂ, ಅಂದ್ರೆ ದೊಡ್ಡ ಚಿಪ್ಪಿನ ಬಸವನಹುಳುಗಳೂ, ಹೊರಗೆ ಬರ್ತವೆ. ಅದಕ್ಕೇ ಇವತ್ತಿನ ವ್ಲಾಗ್ ಪೂರ್ತಿ ಅವುಗಳ ಊಟದ ಬಗ್ಗೆ. ಯಾವ ಗಿಡ ಕಂಡ್ರೆ ಬಿಡಲ್ಲ, ಯಾವುದರ ತಂಟೆಗೆ ಹೋಗಲ್ಲ ಅಂತ ಗೊತ್ತಿದ್ರೆ, ಕಾಯೋ ಕೆಲಸ ಬಹಳ ಹಗುರ ಆಗುತ್ತೆ.

ಮೊದಲು ಈ ಸಸಿನ ಹತ್ತಿರದಿಂದ ನೋಡ್ರಿ. ನಿನ್ನೆ ಸಂಜೆ ಇದರ ತುಂಬ ಎಲೆ ಇತ್ತು. ಈಗ ಬರೀ ಕಡ್ಡಿ. ಅದರ ತುದಿ ನೋಡ್ರಿ, ಕತ್ತರಿಸಿದಂಗಿಲ್ಲ, ಕೆರೆದು ನಾರು ನಾರಾಗಿದೆ. ಈ ಹುಳುವಿನ ನಾಲಿಗೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲು ಸಾವಿರಗಟ್ಟಲೆ ಸಾಲಾಗಿ ಇರ್ತವೆ. ಅದರಲ್ಲಿ ಎಲೆನ ಉಜ್ಜಿ ಉಜ್ಜಿ ಒಳಗೆ ಎಳಕೊಳ್ಳುತ್ತೆ. ಪಕ್ಕದಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಮಿಂಚೋ ಗೆರೆ ಕಾಣ್ತಿದೆಯಲ್ಲ, ಅದು ಒಣಗಿದ ಲೋಳೆ. ಕಂಬಳಿಹುಳು ತಿಂದಿದ್ರೆ ಎಲೆ ಮೇಲೆ ಕಪ್ಪಗೆ ಹಿಕ್ಕೆ ಬಿದ್ದಿರುತ್ತೆ, ಈ ಗೆರೆ ಇರಲ್ಲ. ಔಷಧಿ ಅಂಗಡಿಗೆ ಓಡೋಕೆ ಮುಂಚೆ ಇದನ್ನ ನೋಡ್ಕೊಳ್ರಿ, ಯಾಕಂದ್ರೆ ಕೀಟಕ್ಕೆ ಹೊಡೆಯೋ ಔಷಧಿ ಹೆಚ್ಚಿನವು ಈ ಹುಳುವಿಗೆ ನಾಟೋದಿಲ್ಲ.

ಹೂವಿನ ಗಿಡಗಳಲ್ಲಿ ಇವಕ್ಕೆ ಚೆಂಡು ಹೂವು ಅಂದ್ರೆ ಪ್ರಾಣ. ಅಷ್ಟು ಘಾಟು ವಾಸನೆ ಇದ್ರೂ ಅದನ್ನೇ ಹುಡುಕ್ಕೊಂಡು ಬರ್ತವೆ. ಆಮೇಲೆ ಡೇಲಿಯಾ, ಕರ್ಣಕುಂಡಲ. ತರಕಾರಿ ಮಡಿಗೆ ಬಂದ್ರೆ ಎಲೆಕೋಸು, ಹೂಕೋಸು, ಪಾಲಕ್, ಬಸಳೆ, ಬೀನ್ಸು. ಸೌತೆ, ಕುಂಬಳ ಮೊಳಕೆ ಒಡೆದು ಎರಡೆಲೆ ಬಿಟ್ಟಿದ್ರೆ ಒಂದೇ ರಾತ್ರಿಗೆ ಖಾಲಿ. ಪಪ್ಪಾಯಿ ಅಂತೂ ಎಳೇ ಸಸಿನೂ ಬೇಕು, ಉದುರಿದ ಎಲೆನೂ ಬೇಕು. ತೋಟ ಇರೋರಿಗೆ ಬಾಳೆ, ಅಡಿಕೆ ಸಸಿ, ವೀಳ್ಯದೆಲೆ ಬಳ್ಳಿ ಚಿಂತೆ. ಒಟ್ಟು 500ಕ್ಕೂ ಹೆಚ್ಚು ಜಾತಿ ಸಸ್ಯ ಇದರ ಊಟದ ಪಟ್ಟಿಯಲ್ಲಿವೆ. ಚನ್ನಗಿರಿ ಕಡೆ ಭದ್ರಾ ನಾಲೆ ನೀರು ಹರಿಯೋ ತೋಟಗಳಲ್ಲಿ ನೆರಳೂ ಇದೆ, ತಂಪೂ ಇದೆ. ಇದಕ್ಕೆ ಬೇಕಾಗಿದ್ದೂ ಅದೇ.

ಹಾಗಂತ ಎಲ್ಲಾ ಗಿಡಕ್ಕೂ ಬಾಯಿ ಹಾಕಲ್ಲ. ನಮ್ಮ ಹಿತ್ತಲಲ್ಲಿ ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ಬೆಳ್ಳುಳ್ಳಿ ಇವೆಲ್ಲ ಆರಾಮಾಗಿ ನಿಂತಿವೆ. ಒರಟು ಎಲೆ, ರೋಮ ಇರೋ ಎಲೆ ಅಂದ್ರೆ ಅವಕ್ಕೆ ಅಷ್ಟಕ್ಕಷ್ಟೇ. ಮೆತ್ತಗೆ, ನೀರು ತುಂಬಿಕೊಂಡು ಎಳೇದಾಗಿದ್ರೆ ಮಾತ್ರ ಉಳಿಯೋದು ಕಷ್ಟ.

ಈಗ ಈ ಕಾಂಪೌಂಡ್ ಗೋಡೆ ನೋಡ್ರಿ. ಸುಣ್ಣ ಅಲ್ಲಲ್ಲಿ ಅಂಕುಡೊಂಕಾಗಿ ಕೆರೆದಂಗಿದೆ. ಮಕ್ಕಳು ಗೀಚಿರಬೇಕು ಅಂದ್ಕೊಂಡಿದ್ದೆ. ಪಕ್ಕದ ಮನೆ ಅಜ್ಜಿ ಹೇಳಿದ್ರು, "ಹುಡುಗ್ರಲ್ಲವ್ವಾ, ಆ ಶಂಖದ ಹುಳ. ಗ್ವಾಡಿ ಸುಣ್ಣಾನೂ ತಿಂತಾವು." ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಅಷ್ಟು ದೊಡ್ಡ ಚಿಪ್ಪು ಬೆಳೀಬೇಕು ಅಂದ್ರೆ ಸುಣ್ಣದಂಶ ಬೇಕೇ ಬೇಕು, ಅದಕ್ಕೇ ಗೋಡೆ ಹತ್ತಿ ನೆಕ್ಕೋದು.

ಇದು ನಮ್ಮ ನೆಲದ ಜೀವಿನೇ ಅಲ್ಲ, ಪೂರ್ವ ಆಫ್ರಿಕಾದ್ದು. 1847ರಲ್ಲಿ ವಿಲಿಯಂ ಬೆನ್ಸನ್ ಅಂತ ಬ್ರಿಟಿಷ್ ಆಡಳಿತದ ಒಬ್ಬ ಅಧಿಕಾರಿ, ಚಿಪ್ಪಿನ ಜೀವಿಗಳ ಬಗ್ಗೆ ಅಧ್ಯಯನ ಮಾಡ್ತಿದ್ದವರು, ಮಾರಿಷಸ್‌ನಿಂದ ತಂದು ಕಲ್ಕತ್ತಾದ ಚೌರಂಗಿಯ ತೋಟವೊಂದರಲ್ಲಿ ಬಿಟ್ಟರು. ಅಲ್ಲಿಂದ ದೇಶದ ತುಂಬ ಹಬ್ಬಿತು. ಇದರಲ್ಲಿ ಗಂಡು ಬೇರೆ ಹೆಣ್ಣು ಬೇರೆ ಅಂತಿಲ್ಲ, ಕೂಡಿದ ಮೇಲೆ ಎರಡೂ ಮೊಟ್ಟೆ ಇಡಬಹುದು. ಒಂದು ಸಲಕ್ಕೆ 100ರಿಂದ 400. ಸಣ್ಣ ಬಸವನಹುಳುಗಳ ವಿಷಯ ಬೇರೆ. ಅವುಗಳಲ್ಲಿ ಎಷ್ಟೋ ಕೊಳೆತ ಎಲೆ ತಿಂದು ಗೊಬ್ಬರ ಮಾಡೋವು, ದಯವಿಟ್ಟು ಅವನ್ನೆಲ್ಲ ಹಿಡಿದು ಕೊಲ್ಲಬೇಡ್ರಿ. ಚಿಪ್ಪಿಲ್ಲದ ಬಸವನಹುಳು ಕೂಡ ಇದೆ, ಕಪ್ಪಗೆ ಚಪ್ಪಟೆಯಾಗಿ, ಬೆನ್ನ ಮೇಲೆ ತಿಳಿ ಬಣ್ಣದ ಗೆರೆ. ಹಗಲು ಕುಂಡದ ಅಡಿಯಲ್ಲಿ ಮಲಗಿರುತ್ತೆ. ಅದರ ರುಚಿನೂ ಹೆಚ್ಚುಕಮ್ಮಿ ಇದೇ, ಎಳೇ ಸಸಿ.

ನನಗೆ ಮುಖ್ಯ ಅನ್ನಿಸೋದೇ ಇದು. ಎಲ್ಲಾ ಗಿಡನೂ ವರ್ಷವಿಡೀ ಕಾಯೋಕಾಗಲ್ಲ, ಕಾಯೋ ಅಗತ್ಯನೂ ಇಲ್ಲ. ಚೆಂಡು ಹೂವಿನ ಗಿಡ ಗೇಣುದ್ದ ಆಗಿ ಕಾಂಡ ಬಲಿತ ಮೇಲೆ ನಾಲ್ಕು ಎಲೆ ಹೋದ್ರೂ ಚೇತರಿಸಿಕೊಳ್ಳುತ್ತೆ. ಸಸಿ ಇದ್ದಾಗ ಹೋದ್ರೆ ಬುಡಸಮೇತ ಹೋಯ್ತು. ಅದಕ್ಕೇ ಬೀಜ ನೆಲಕ್ಕೆ ಹಾಕದೆ ಟ್ರೇಯಲ್ಲಿ ಹಾಕಿ ಮಾಳಿಗೆ ಮೇಲೆ ಬೆಳೆಸ್ತೀನಿ. ಬಲಿತ ಮೇಲೆ ಕೆಳಗೆ ಇಳಿಸೋದು. ನೀರು ಬೆಳಿಗ್ಗೆನೇ ಹಾಕ್ರಿ. ಸಂಜೆ ಹಾಕಿದ್ರೆ ರಾತ್ರಿಯೆಲ್ಲ ನೆಲ ಹಸಿ ಇದ್ದು, ಅವಕ್ಕೆ ಓಡಾಡೋಕೆ ನಾವೇ ದಾರಿ ಮಾಡಿಕೊಟ್ಟಂಗೆ.

ಮೊಟ್ಟೆ ಸಿಪ್ಪೆ ಪುಡಿ ಮಾಡಿ ಗಿಡದ ಸುತ್ತ ಹಾಕ್ರಿ ಅಂತ ಬಹಳ ಜನ ಹೇಳ್ತಾರೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು 2018ರಲ್ಲಿ ಲೆಟ್ಯೂಸ್ ಗಿಡ ಇಟ್ಟು ಪರೀಕ್ಷೆ ಮಾಡಿ ನೋಡಿದ್ರು. ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ, ಚೂಪು ಜಲ್ಲಿ, ಯಾವುದು ಹಾಕಿದ್ರೂ ಹುಳು ತಿನ್ನೋದು ಕಮ್ಮಿ ಆಗಲಿಲ್ಲ. ಸಿಪ್ಪೆ ಗೊಬ್ಬರದ ಗುಂಡಿಗೆ ಹಾಕ್ರಿ, ಅಲ್ಲಿ ಉಪಯೋಗಕ್ಕೆ ಬರುತ್ತೆ. ಬೂದಿ, ಸುಣ್ಣದ ಪುಡಿ ಒಣಗಿರೋ ತನಕ ತಡೀತವೆ, ಒಂದು ಮಳೆ ಬಿತ್ತು ಅಂದ್ರೆ ಮುಗೀತು.

ಕೈಯಲ್ಲಿ ಆರಿಸೋದೇ ಒಳ್ಳೇ ದಾರಿ. ಗೋಣಿಚೀಲ ನೆನೆಸಿ, ಅದರ ಅಡಿಗೆ ಪಪ್ಪಾಯಿ ಎಲೆ, ಇಲ್ಲ ಕೋಸಿನ ಹೊರಗಿನ ಎಲೆ ಇಟ್ಟು ಸಂಜೆ ಗೋಡೆ ಪಕ್ಕ ಹಾಸ್ರಿ. ಇಷ್ಟದ ಊಟನೂ ಸಿಕ್ತು, ಮಲಗೋಕೆ ಜಾಗನೂ ಸಿಕ್ತು ಅಂತ ಅಲ್ಲೇ ಸೇರ್ತವೆ. ಬೆಳಿಗ್ಗೆ ಚೀಲ ಎತ್ತಿ, ಇಕ್ಕಳದಲ್ಲಿ ಹಿಡಿದು, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ ಮುಚ್ಚಿಡ್ರಿ. ಉಪ್ಪನ್ನ ನೇರ ಮಡಿಗೆ ಮಾತ್ರ ಚೆಲ್ಲಬೇಡ್ರಿ, ಗಿಡದ ಬೇರೇ ಸುಟ್ಟು ಹೋಗುತ್ತೆ. ಬರಿಗೈಲಿ ಮುಟ್ಟೋದು ಬೇಡ, ಮಕ್ಕಳಿಗಂತೂ ಕೊಡಲೇಬೇಡ್ರಿ. ಇಲಿಯಿಂದ ಬರೋ ಒಂದು ಪರಾವಲಂಬಿ ಹುಳು ಇವುಗಳ ಮೈಯಲ್ಲಿ ಇರಬಹುದು. ಅದು ಮನುಷ್ಯರ ಹೊಟ್ಟೆಗೆ ಹೋದ್ರೆ ಮೆದುಳಿನ ಪೊರೆಗೆ ಉರಿಯೂತ ತರುತ್ತೆ. ಹಿತ್ತಲ ಸೊಪ್ಪನ್ನ ಎಲೆ ಎಲೆ ಬಿಡಿಸಿ ತೊಳೀರಿ.

ಶಂಖದ ಹುಳು ಕೊಲ್ಲೋ ವಿಷ, ಮೆಟಾಲ್ಡಿಹೈಡ್ ಗುಳಿಗೆ, ಅಂಗಡಿಯಲ್ಲಿ ಸಿಗುತ್ತೆ, ಕೆಲಸನೂ ಮಾಡುತ್ತೆ. ಆದ್ರೆ ನಾಯಿ ತಿಂದ್ರೆ ಜೀವಕ್ಕೇ ಅಪಾಯ. ಓಣಿಯಲ್ಲಿ ನಾಯಿ, ಬೆಕ್ಕು, ಕೋಳಿ ಓಡಾಡೋ ಕಡೆ ನಾನಂತೂ ಅದನ್ನ ಹಾಕ್ರಿ ಅನ್ನಲ್ಲ. ಅದರ ಬದಲು ಕೆಂಬೂತ ಬಂದ್ರೆ ಓಡಿಸಬೇಡ್ರಿ, ಶಂಖದ ಹುಳುನ ಹಿಡಿದು ತಿನ್ನೋ ಹಕ್ಕಿ ಅದು. ಮಿಂಚುಹುಳದ ಮರಿಗಳೂ ಬಸವನಹುಳು ತಿಂದೇ ಬೆಳೆಯೋದು.

ನರ್ಸರಿಯಿಂದ ಗಿಡ ತಂದಾಗ ಈ ತರ ಕವರ್ ಬಿಚ್ಚಿ ಮಣ್ಣು ನೋಡ್ರಿ. ಇಲ್ಲಿ, ಬೇರಿನ ಪಕ್ಕ, ನೆನೆಸಿದ ಸಬ್ಬಕ್ಕಿ ಕಾಳಿನ ಹಾಗೆ ಗುಂಪಾಗಿ ಕಾಣ್ತಿವೆಯಲ್ಲ, ಅದೇ ಮೊಟ್ಟೆ. ಸ್ವಲ್ಪ ಹಳದಿ ಛಾಯೆ, ಒತ್ತಿದ್ರೆ ಪಟ್ ಅಂತ ಒಡೀತವೆ. ಇವನ್ನೂ ಉಪ್ಪುನೀರಿಗೇ ಹಾಕೋದು.

ಬೇಸಿಗೆಯಲ್ಲಿ ಒಂದೂ ಕಾಣಲ್ಲ, ಹೋದ್ವು ಅನ್ಸುತ್ತೆ. ಎಲ್ಲೂ ಹೋಗಿರಲ್ಲ. ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡು ಇಟ್ಟಿಗೆ ರಾಶಿ, ಹಳೇ ಕುಂಡ, ಕಲ್ಲುಚಪ್ಪಡಿ ಸಂದಿಯಲ್ಲಿ ತಿಂಗಳಾನುಗಟ್ಟಲೆ ಮಲಗಿರ್ತವೆ. ಯುಗಾದಿಗೆ ಮನೆ ಸ್ವಚ್ಛ ಮಾಡ್ತೀವಲ್ಲ, ಆಗಲೇ ಆ ರಾಶಿನೆಲ್ಲ ಎತ್ತಿ ಆರಿಸಿಬಿಟ್ರೆ ಮೊದಲ ಮಳೆಗೆ ಮೊಟ್ಟೆ ಇಡೋವೇ ಕಮ್ಮಿ ಆಗ್ತವೆ. ಈ ಮಳೆಗಾಲಕ್ಕೆ ಗೋಣಿಚೀಲ ಸಾಕು, ಇವತ್ತೇ ಸಂಜೆ ಹಾಸ್ರಿ. ಬರ್ತೀನಿ ರೀ, ನಮಸ್ಕಾರ.